ಕಾರಣ ಬರೆಯದ ಹಳದಿ ಚೀಟಿ

ನನ್ನ ಪೋಸ್ಟ್‌ಡಾಕ್ ಕೆಲಸ ಈ ತಿಂಗಳಿಗೆ ಮುಗಿಯುತ್ತದೆ. ಪಿಎಚ್‌ಡಿ ಮುಗಿಸಿದವರು ಸ್ವಂತ ಲ್ಯಾಬು ಸಿಗುವ ತನಕ ಇನ್ನೊಬ್ಬರ ಲ್ಯಾಬಿನಲ್ಲಿ ಮಾಡುವ ಸಂಶೋಧನೆಗೆ ಹಾಗೆನ್ನುತ್ತಾರೆ. ಹೊಸೂರಿನ ಅವಲಪಲ್ಲಿಯ ನಮ್ಮ ಬೀದಿಗೆ ಇದನ್ನು ವಿವರಿಸಿ ವಿವರಿಸಿ ಅಮ್ಮನಿಗೆ ಸಾಕಾಗಿದೆ. "ಡಾಕ್ಟ್ರಾದ್ಮೇಲೂ ಓದ್ತಾನೇ ಅವ್ಳಂತೆ, ಪಾಪ" ಎಂದು ಎದುರುಮನೆಯಾಕೆ ಮರುಗಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅಪ್ಪ ಲಾರಿ ಕಾರ್ಖಾನೆಯ ಕೆಲಸಕ್ಕೆಂದು ಮಂಡ್ಯ ಕಡೆಯಿಂದ ಹೊಸೂರಿಗೆ ಬಂದವರು. ಅವರಿಗೆ ತಿಳಿಯಬೇಕಾದ್ದು ಇಷ್ಟೇ: ಪರ್ಮನೆಂಟಾ, ಕಾಂಟ್ರಾಕ್ಟಾ? ಕಾಂಟ್ರಾಕ್ಟು ಎಂದ ದಿನದಿಂದ ಅವರು ಈ ವಿಷಯ ಎತ್ತಿಲ್ಲ.

ಮೊನ್ನೆ ಮೇಜು ಖಾಲಿ ಮಾಡುವಾಗ ಡ್ರಾಯರಿನಲ್ಲಿಟ್ಟಿದ್ದ ಹಳದಿ ಚೀಟಿಯನ್ನು ಕೈಗೆ ತೆಗೆದುಕೊಂಡೆ. ಅಂಗೈ ಅಗಲದ ದಪ್ಪ ಕಾಗದ, ಮೂಲೆಯಲ್ಲೊಂದು ತೂತು, ತೂತಿಗೆ ಬಿಳಿ ದಾರ. ನನ್ನ ಜಾಗಕ್ಕೆ ಬರುವವರಿಗೆ ಇದನ್ನು ಒಪ್ಪಿಸಿ ಹೋಗಬೇಕು, ಹಾಗೆಂದು ನನಗೆ ಆಜ್ಞೆಯಾಗಿದೆ. ಒಪ್ಪಿಸುವ ಮುಂಚೆ ಆಜ್ಞೆ ಮಾಡಿದವರ ವಿಷಯ ಬರೆದಿಡೋಣ ಅನ್ನಿಸಿತು. ಅವರ ಹೆಸರು ಬರೆಯುವುದಿಲ್ಲ. ಸಂಶೋಧನೆಗೆ ಸ್ಯಾಂಪಲ್ ಕೊಟ್ಟವರ ಹೆಸರು ಹೇಳಕೂಡದೆಂಬುದು ನಮ್ಮ ನಿಯಮ. ಅವರ ಮನೆಯವರನ್ನು ಕೇಳಿದಾಗ "ಬರ್ಕೋ, ಹೆಸ್ರು ಮಾತ್ರ ಬೇಡ. ನೆಂಟ್ರೆಲ್ಲಾ ನಮ್ ಬಗ್ಗೆ ಯಾಕ್ ಬರೀಲಿಲ್ಲ ಅಂತಾರೆ" ಎಂದರು.

ಅವರು ಹೊಸೂರಿನ ಪಕ್ಕದ ಮತ್ತಿಗಿರಿಯವರು. ಗಡಿಯಾರದ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಅಷ್ಟು ವರ್ಷ ಒಂದೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತು ಕೂತು ಬಲಗಣ್ಣು ಎಡಗಣ್ಣಿಗಿಂತ ಒಂದು ಸುತ್ತು ಕಿರಿದಾಗಿತ್ತು. ಯಾರು ಏನು ತಂದು ಮುಂದಿಟ್ಟರೂ ಆ ಕಿರುಗಣ್ಣಿನಿಂದ ಒಮ್ಮೆ ತಿರುಗಿಸಿ ನೋಡದೆ ಬಿಡುತ್ತಿರಲಿಲ್ಲ, ಅದು ಇಡ್ಲಿಯಾದರೂ ಸರಿ, ಮದುವೆ ಕಾಗದವಾದರೂ ಸರಿ. ಹೊಸೂರು ಸಂತೆಯಲ್ಲಿ ಅವರು ಬದನೆಕಾಯಿ ಆರಿಸುವುದನ್ನು ನೋಡಿದ ಅಂಗಡಿಯವಳು "ಯಣ್ಣಾ, ಹೆಣ್ ನೋಡಕ್ ಬಂದಿದ್ಯಾ?" ಎಂದು ಕೇಳಿದ್ದಳಂತೆ.

ಕಾರ್ಖಾನೆಯಲ್ಲಿ ಒಂದು ಗಡಿಯಾರವನ್ನು ರಿಜೆಕ್ಟ್ ಮಾಡಿದರೆ ಅದಕ್ಕೆ ಹಳದಿ ಚೀಟಿ ಕಟ್ಟಬೇಕು. ಅದರಲ್ಲಿ ಮೂರು ಸಾಲು: ದೋಷ, ಕಾರಣ, ಮುಂದಿನ ಕ್ರಮ. ಅವರು ನಿವೃತ್ತರಾಗುವಾಗ ಉಳಿದಿದ್ದ ಹಳೆಯ ಚೀಟಿಗಳ ಕಟ್ಟೊಂದನ್ನು ಕೇಳಿ ಪಡೆದು ಮನೆಗೆ ತಂದಿದ್ದರು. ಅಲ್ಲಿಂದ ಮನೆಯಲ್ಲಿ ಕೆಟ್ಟ ವಸ್ತುಗಳಿಗೆಲ್ಲ ಚೀಟಿ. ಮಿಕ್ಸಿಗೆ ಕಟ್ಟಿದ್ದನ್ನು ನಾನೇ ಓದಿದ್ದೇನೆ. ದೋಷ: ಕಿರುಚುತ್ತದೆ. ಕಾರಣ: ಇಡೀ ಕೊಬ್ಬರಿ ಗಿಟುಕು. ಮುಂದಿನ ಕ್ರಮ: ಹೆಂಡತಿಗೆ ಹೇಳುವ ಧೈರ್ಯವಿದ್ದವರು ಹೇಳುವುದು.

ನಾನು ಅವರನ್ನು ಮೊದಲು ನೋಡಿದ್ದು ಆಸ್ಪತ್ರೆಯ ನರರೋಗ ವಿಭಾಗದಲ್ಲಿ. ಪ್ರತಿ ಗುರುವಾರ ಅಲ್ಲಿಗೆ ಹೋಗಿ ಮೋಟಾರ್ ನ್ಯೂರಾನ್ ಕಾಯಿಲೆ ಇರುವವರ ಹತ್ತಿರ ಸಂಶೋಧನೆಗೆ ಒಂದು ಚೂರು ಚರ್ಮ ಕೊಡುತ್ತೀರಾ ಎಂದು ಕೇಳುವುದು ನನ್ನ ಕೆಲಸ. ಕೈಕಾಲಿಗೆ "ಆಡು" ಎಂದು ಅಪ್ಪಣೆ ಕೊಡುವ ನರಕೋಶಗಳು ಈ ಕಾಯಿಲೆಯಲ್ಲಿ ಒಂದೊಂದಾಗಿ ಸಾಯುತ್ತವೆ. ಕೈ ಹೋಗುತ್ತದೆ, ಕಾಲು ಹೋಗುತ್ತದೆ, ಆಮೇಲೆ ಮಾತು, ಕೊನೆಗೆ ಉಸಿರು. ಬುದ್ಧಿ ಬಹುತೇಕ ಮಂದಿಗೆ ನೆಟ್ಟಗೇ ಇರುತ್ತದೆ. ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಇಂಥ ಸುದ್ದಿ ಕೇಳಿ ಹೊರಗೆ ಬಂದವರ ಮುಂದೆ ಫಾರಂ ಹಿಡಿದು ನಿಲ್ಲುವುದಕ್ಕೆ ದಪ್ಪ ಚರ್ಮ ಬೇಕು, ನನಗೆ ಅದಿಲ್ಲ. ನಾನು ತೊದಲುತ್ತಿದ್ದೆ.

ಅವರು ನನ್ನ ಫಾರಂ ನೋಡುವ ಮೊದಲೇ ತಮ್ಮ ಜೇಬಿನಿಂದ ಒಂದು ಹಳದಿ ಚೀಟಿ ತೆಗೆದು ಕೊಟ್ಟರು. ಎಡಗೈಯಲ್ಲಿ ಬರೆದಿದ್ದರಿಂದ ಅಕ್ಷರ ಸೊಟ್ಟಗಿದ್ದವು. ದೋಷ: ಬಲಗೈ ಹೆಬ್ಬೆರಳಿಗೆ ಬಲವಿಲ್ಲ, ಹಿಡಿದ ಮೊಳೆ ಜಾರಿ ಬೀಳುತ್ತಿದೆ. ಕಾರಣ ಎಂಬಲ್ಲಿ ಏನೂ ಇರಲಿಲ್ಲ.

"ಡಾಕ್ಟ್ರನ್ನ ಕೇಳ್ದೆ. ಗೊತ್ತಿರೋ ವಂಶದ ದೋಷ ಯಾವ್ದೂ ನಿಮ್ಗಿಲ್ಲ, ಯಾಕ್ ಬಂತೋ ಹೇಳಕಾಗಲ್ಲ ಅಂದ್ರು" ಎಂದರು. "ಮೇಡಂ, ಇಪ್ಪತ್ತೊಂಬತ್ ವರ್ಷ ಸರ್ವಿಸ್ನಾಗೆ ರೀಸನ್ ಬರೀದಂಗೆ ಒಂದು ಪೀಸೂ ರಿಜೆಕ್ಟ್ ಮಾಡ್ದೋನಲ್ಲ ನಾನು. ಈಗ ನನ್ನೇ ರಿಜೆಕ್ಟ್ ಮಾಡವ್ರೆ, ಚೀಟಿ ಖಾಲಿ ಐತೆ. ನನ್ ತೊಗ್ಲು ಎಷ್ಟ್ ಬೇಕೋ ತಕ್ಕಳಿ. ನಾನು ಹೋಗೋದ್ರೊಳಗೆ ಇದನ್ನ ತುಂಬ್ಸಿ ಕೊಡಿ."

ಹೆಸರುಕಾಳಿನಷ್ಟು ಚರ್ಮ ಸಾಕು ಎಂದೆ. ಅದರ ಕೋಶಗಳನ್ನು ಲ್ಯಾಬಿನಲ್ಲಿ ಹಿಂದಕ್ಕೆ, ಅಂದರೆ ಏನು ಬೇಕಾದರೂ ಆಗಬಲ್ಲ ಎಳೆತನಕ್ಕೆ ಕಳಿಸಿ, ಅಲ್ಲಿಂದ ಮತ್ತೆ ನರಕೋಶವಾಗಿ ಬೆಳೆಸುತ್ತೇವೆ, ಆಮೇಲೆ ಅವು ಎಲ್ಲಿ ಎಡವುತ್ತವೆ ಎಂದು ನೋಡುತ್ತೇವೆ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. "ಅಂದ್ರೆ ನಂಗೆ ಮತ್ತೆ ತೊಟ್ಲು ಕಟ್ತೀಯ ಅನ್ನು" ಎಂದರು. ಮೇಡಂ ಹೋಗಿ ಏಕವಚನ ಬಂದದ್ದು ಆ ಕ್ಷಣದಲ್ಲಿ. ನಾನೂ ಸಾರ್ ಬಿಟ್ಟು ಅಣ್ಣ ಎನ್ನತೊಡಗಿದೆ.

ಲ್ಯಾಬು ರಾಜ್ಯದ ಗಡಿಯಾಚೆ, ನನ್ನ ಸ್ಕೂಟರಿಗೆ ಮುಕ್ಕಾಲು ಗಂಟೆಯ ದಾರಿ. ಕೋಶಗಳಿಗೆ ದಿನಾ ಸಂಜೆ ನಾಲ್ಕಕ್ಕೆ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು. ಭಾನುವಾರ ಇಲ್ಲ, ಯುಗಾದಿ ಇಲ್ಲ, ಪೊಂಗಲ್ ಇಲ್ಲ. ನಾವು ಅದಕ್ಕೆ ಊಟ ಹಾಕುವುದು ಎನ್ನುತ್ತೇವೆ. ಆ ದ್ರವ ಗುಲಾಬಿ ಬಣ್ಣದ್ದು ಎಂದು ತಿಳಿದಾಗ ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. "ರೋಸ್ ಮಿಲ್ಕ್ ಕುಡೀತಾ ಕೂತಿವ್ನಿ ಅನ್ನು ನಾನು ಅಲ್ಲಿ. ಇಲ್ಲಿ ಇವ್ಳು ಸಕ್ರೆ ಕಾಯ್ಲೆ ಅಂತ ಒಂದ್ ತೊಟ್ಟು ಕೊಡಲ್ಲ." ಅಂದಿನಿಂದ ದಿನಾ ನಾಲ್ಕೂವರೆಗೆ ಫೋನು. "ನಂಗೆ ಊಟ ಆಯ್ತಾ?" ನಾನು ಆಯ್ತಣ್ಣ ಅನ್ನಬೇಕು. "ಮೇಲ್ಗಡೆ ಗಲೀಜು ತೇಲ್ತಾ ಇಲ್ವಾ?" ಇಲ್ಲಣ್ಣ. "ಸರಿ, ಇಡ್ತೀನಿ."

ನನ್ನ ಕೈ ನಡುಗುತ್ತಿತ್ತು. ನರಕೋಶಗಳನ್ನು ಬೆಳೆಸುವ ಗಾಜಿನ ಬಿಲ್ಲೆಗಳನ್ನು ಚಿಮಟದಲ್ಲಿ ಎತ್ತುವಾಗ ವಾರಕ್ಕೆ ಒಂದಾದರೂ ಒಡೆಯುತ್ತಿತ್ತು. ಇದನ್ನು ಒಮ್ಮೆ ಹೇಳಿದ್ದೇ ತಪ್ಪಾಯಿತು. ಮುಂದಿನ ಭಾನುವಾರ ಮತ್ತಿಗಿರಿಗೆ ಹಾಜರಾಗಬೇಕೆಂದು ಹುಕುಂ ಬಂತು. ಜಗಲಿಯ ಮೇಲೆ ಒಂದು ತಟ್ಟೆಯಲ್ಲಿ ಎಳ್ಳು, ಇನ್ನೊಂದು ತಟ್ಟೆ ಖಾಲಿ, ನಡುವೆ ಅವರ ಹಳೆಯ ಚಿಮಟ. ಒಂದೊಂದೇ ಎಳ್ಳು ಎತ್ತಿ ಆಚೆ ತಟ್ಟೆಗೆ ಹಾಕಬೇಕು. ತೋರಿಸಿಕೊಡಲು ಅವರ ಬೆರಳಿಗೆ ಆಗುತ್ತಿರಲಿಲ್ಲ, ಬಾಯಲ್ಲೇ ಕಲಿಸಿದರು. "ಉಸ್ರು ಕಟ್ಕೊಂಡು ಎತ್ಬೇಡ ಕಣಮ್ಮ. ಉಸ್ರು ಬಿಡು, ಬಿಟ್ಟು ಮುಗ್ದ ಜಾಗ್ದಾಗೆ ಕೈ ತಾನೇ ನಿಲ್ತದೆ, ಅವಾಗ ಎತ್ತು." ಮೂರು ಭಾನುವಾರ ಎಳ್ಳು ಎತ್ತಿದೆ. ಆಮೇಲೆ ನನ್ನ ಕೈಯಲ್ಲಿ ಒಂದು ಬಿಲ್ಲೆಯೂ ಒಡೆದಿಲ್ಲ. ಪಿಎಚ್‌ಡಿಯ ಐದು ವರ್ಷದಲ್ಲಿ ಯಾರೂ ಕಲಿಸದ ವಿದ್ಯೆ ಅದು.

ಆ ಜಗಲಿಯ ಮೇಲೆಯೇ ಅವರು ಧೂಳಿನ ಕತೆ ಹೇಳಿದ್ದು. ಹೊಸದಾಗಿ ಸೇರಿದ ಇನ್‌ಸ್ಪೆಕ್ಟರೊಬ್ಬ ನಿಂತ ಗಡಿಯಾರಗಳಿಗೆಲ್ಲ "ಕಾರಣ: ಧೂಳು" ಎಂದು ಬರೆದು ಕಟ್ಟುತ್ತಿದ್ದನಂತೆ. ಅವರು ಅಷ್ಟನ್ನೂ ವಾಪಸು ಕಳಿಸಿದರು. "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಬರಿ ಕಣ್ಲಾ ಅಂದೆ. ಸುಳ್ ಕಾರಣ ಬರೆದ್ರೆ ಮುಂದಿನ್ ಶಿಫ್ಟೋನು ಇಲ್ಲದಿರೋ ಧೂಳು ಹುಡುಕ್ತಾ ಕೂತ್ಕತಾನೆ. ಗೊತ್ತಿಲ್ಲ ಅಂತಿದ್ರೆ ಬಿಚ್ಚಿ ನೋಡ್ತಾನೆ." ನಾನು ಎಳ್ಳು ಎತ್ತುತ್ತ ಹೂಂಗುಟ್ಟಿದೆ. ಮಾತು ಎಲ್ಲಿಗೆ ಬಂದು ಮುಟ್ಟುತ್ತದೆಂದು ಆಗ ನನಗೆ ಹೊಳೆದಿರಲಿಲ್ಲ.

ಈಗ ನನ್ನ ತಪ್ಪಿನ ಕತೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಕಾಯಿಲೆಯವರ ಕೋಶ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಪಕ್ಕಕ್ಕೆ ಆರೋಗ್ಯವಂತರೊಬ್ಬರ ಕೋಶ ಇಟ್ಟು ಹೋಲಿಸಬೇಕು. ಹೊರದೇಶದ ಲ್ಯಾಬೊಂದರಿಂದ ಬಂದಿದ್ದ ನಮ್ಮ ಫಾರಂನಲ್ಲಿ ಹೀಗಿತ್ತು: "ಒಂದೇ ಮನೆಯಲ್ಲಿರುವ, ರಕ್ತಸಂಬಂಧವಿಲ್ಲದ ಆರೋಗ್ಯವಂತರು, ಉದಾಹರಣೆಗೆ ಗಂಡ ಅಥವಾ ಹೆಂಡತಿ." ಇಬ್ಬರೂ ಕುಡಿದದ್ದು ಒಂದೇ ನೀರು, ಉಂಡದ್ದು ಒಂದೇ ಒಲೆಯ ಊಟ, ರಕ್ತ ಮಾತ್ರ ಬೇರೆ, ಆದ್ದರಿಂದ ಹೋಲಿಕೆಗೆ ಹೇಳಿ ಮಾಡಿಸಿದ ಜೋಡಿ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಖುಷಿಯಿಂದಲೇ ಚರ್ಮ ಕೊಟ್ಟರು. ನಾನು ಫಾರಂನಲ್ಲಿ ಟಿಕ್ ಹಾಕಿದೆ.

ತಿಂಗಳುಗಟ್ಟಲೆ ಕಾದ ಮೇಲೆ ಇಬ್ಬರ ನರಕೋಶಗಳೂ ಬೆಳೆದು ಉದ್ದನೆಯ ಎಳೆಗಳನ್ನು ಚಾಚಿದವು. ಆ ಎಳೆಯೊಳಗೆ ಶಕ್ತಿ ಒದಗಿಸುವ ಪುಟ್ಟ ಪುಟ್ಟ ಚೀಲಗಳು ಓಡಾಡುತ್ತವೆ. ಅವು ತುದಿ ಮುಟ್ಟದಿದ್ದರೆ ತುದಿ ಒಣಗುತ್ತದೆ. ಸೂಕ್ಷ್ಮದರ್ಶಕದಲ್ಲಿ ತೆಗೆದ ವಿಡಿಯೋವನ್ನು ಫೋನಿನಲ್ಲಿ ತೋರಿಸಿದೆ. ಅವರು ಕಿರುಗಣ್ಣಿನಿಂದ ಬಹಳ ಹೊತ್ತು ನೋಡಿದರು. "ಶಿಫ್ಟ್ ಬಸ್ ಕಣಮ್ಮ ಇವು. ಇವಳ್ವು ಸೀದಾ ಫ್ಯಾಕ್ಟ್ರಿ ಗೇಟಿಗೆ ಹೋಯ್ತಾವೆ. ನನ್ವು ನೋಡು, ಜೂಜುವಾಡಿ ಸಿಗ್ನಲ್ನಾಗೇ ನಿಂತ್ಬುಟ್ಟವೆ" ಎಂದರು. ನಾನು ಅರ್ಧ ಗಂಟೆ ತಿಣುಕಿ ಹೇಳಬೇಕೆಂದಿದ್ದುದು ಅಷ್ಟೇ. ಕಾರಣದ ಸಾಲಿನಲ್ಲಿ ಬರೆಯಲು ಕೊನೆಗೂ ಏನೋ ಸಿಕ್ಕಿತೆಂದು ಇಬ್ಬರೂ ಹಿಗ್ಗಿದೆವು.

ಮುಂದಿನ ಭಾನುವಾರ ಮುದ್ದೆ, ಹುರುಳಿಕಾಳಿನ ಬಸ್ಸಾರಿನ ಊಟಕ್ಕೆ ಕರೆದಿದ್ದರು. ಅಕ್ಕನ ತಾಯಿ ಹಳ್ಳಿಯಿಂದ ಬಂದಿದ್ದರು, ಎಪ್ಪತ್ತು ದಾಟಿದ ಗಟ್ಟಿ ಮುದುಕಿ. ಅಣ್ಣನಿಗೆ ಆಗಲೇ ಕೈಯೆತ್ತಿ ಉಣ್ಣಲು ಆಗುತ್ತಿರಲಿಲ್ಲ. ಮುದುಕಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅವರ ಬಾಯಿಗಿಡುತ್ತ "ನುಂಗ್ಲಾ, ಅಗೀಬೇಡ. ಚಿಕ್ಕೋನಿದ್ದಾಗ್ಲೂ ಇಂಗೇ ಕಾಡೋನು ಕಣ್ಲಾ ನೀನು" ಎಂದು ಗದರಿದರು.

ಅತ್ತೆ ಅಳಿಯನನ್ನು ಲಾ ಎನ್ನುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ನಗುತ್ತ ಹಾಗೆಂದೆ.

"ಅತ್ತೆ ಆಗಿದ್ದು ಆಮೇಲಮ್ಮ" ಎಂದರು ಅಣ್ಣ. "ಅದ್ಕೂ ಮುಂಚೆ ನಮ್ಮಕ್ಕ. ನನ್ ಒಡಹುಟ್ಟಿದೋಳು. ಇವ್ಳು ಅಕ್ಕನ್ ಮಗಳು, ಹುಟ್ದಾಗ್ಲೇ ನಂಗೆ ಅಂತ ಮಾತಾಗಿತ್ತು."

ಮುರಿದ ಮುದ್ದೆಯನ್ನು ತಟ್ಟೆಗೆ ವಾಪಸು ಇಟ್ಟೆ. ಅಕ್ಕನ ಮಗಳು ಎಂದರೆ ರಕ್ತಸಂಬಂಧ, ಅದೂ ಬಲು ಹತ್ತಿರದ್ದು. ಗಂಡ ಹೆಂಡಿರು ರಕ್ತಸಂಬಂಧಿಗಳಲ್ಲ ಎಂಬುದು ಆ ಫಾರಂ ಬರೆದವರ ಊರಿನ ಸತ್ಯ. ನನ್ನ ಸ್ವಂತ ಅಜ್ಜಿ ಸೋದರಮಾವನನ್ನು ಕಟ್ಟಿಕೊಂಡವಳು, ನಮ್ಮ ಬೀದಿಯಲ್ಲಿ ಮನೆಗೊಂದು ಇಂಥ ಜೋಡಿ ಇದೆ. ಅಷ್ಟು ಗೊತ್ತಿದ್ದೂ ಕೇಳದೆ ಟಿಕ್ ಹಾಕಿದವಳು ನಾನು. ಇಬ್ಬರೂ ರಕ್ತದಲ್ಲಿ ಹಂಚಿಕೊಂಡದ್ದು ಏನಿದ್ದರೂ ನನ್ನ ಹೋಲಿಕೆಯಲ್ಲಿ ಅದು ಮುಚ್ಚಿಹೋಗುತ್ತದೆ. ಅಷ್ಟೂ ತಿಂಗಳ ಕೆಲಸ ನೀರಿನಲ್ಲಿ ಹೋಮ.

ಹೇಗೋ ವಿವರಿಸಿದೆ. ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಭುಜ ಕುಣಿಸಿಕೊಂಡು ನಗತೊಡಗಿದರು. "ಒಂದೇ ಲಾಟಿಂದ ಎರಡ್ ಪೀಸ್ ತಗಂಡು ಹೋಲ್ಸಿದ್ಯಲ್ಲಮ್ಮ. ಲಾಟ್ ನಂಬರ್ ಕೇಳ್ದಿರೋ ಇನ್‌ಸ್ಪೆಕ್ಟ್ರನ್ನ ನಾನಾಗಿದ್ರೆ ಆವತ್ತೇ ಮನೀಗ್ ಕಳಿಸ್ತಿದ್ದೆ."

ನನಗೆ ಅಳು ಬಂತು. ಅತ್ತೂಬಿಟ್ಟೆ. ಅವರು ನಗು ನಿಲ್ಲಿಸಿ "ಮತ್ತೆ ಸುರುವಿಂದ ಮಾಡಕ್ ಎಷ್ಟ್ ದಿನ?" ಎಂದರು. ಏಳು ತಿಂಗಳು ಎಂದೆ. ತೊಡೆಯ ಮೇಲೆ ಬಿದ್ದಿದ್ದ ತಮ್ಮ ಎರಡು ಕೈಗಳನ್ನು ನೋಡಿಕೊಂಡರು. ಅಷ್ಟು ದಿನ ಅವರಿಗೆ ಇದೆಯೇ ಎಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. "ಅಂಗಾರೆ ಅಳ್ತಾ ಕೂತ್ರೆ ಆಗಲ್ಲ. ಮುದ್ದೆ ತಿನ್ನು. ಬೇರೆ ಲಾಟಿನ್ ಪೀಸ್ ನಾನ್ ಕೊಡುಸ್ತೀನಿ" ಎಂದರು.

ಕೊಡಿಸಿದ್ದು ಯಾರನ್ನು ಎನ್ನುತ್ತೀರಿ, ಪಕ್ಕದ ಮನೆಯವರನ್ನು. ಅವರು ಧರ್ಮಪುರಿ ಕಡೆಯ ತಮಿಳರು, ಅಣ್ಣನದೇ ವಯಸ್ಸು, ಅದೇ ಕಾರ್ಖಾನೆ, ಅದೇ ಬೋರ್‌ವೆಲ್ ನೀರು. ಕಾಂಪೌಂಡು ದಾಟಿ ಬಂದ ನುಗ್ಗೆ ಕೊಂಬೆಯ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಅಣ್ಣ ಗೋಡೆಗೊರಗಿ ನಿಂತು, ಆರು ವರ್ಷದ ಮೇಲೆ ಆಡಿದ ಮೊದಲ ಮಾತು ಇದು: "ಯೋವ್, ನಿನ್ ತೊಗ್ಲು ಬೇಕಾಗೈತೆ."

"ಎನ್ನಾ?" ಎಂದರು ಅವರು.

"ಒಂದ್ ಹೆಸ್ರುಕಾಳಷ್ಟು. ಏಳ್ ಜನ್ಮಕ್ಕೂ ನಿಂಗೂ ನಂಗೂ ಸಂಬಂಧ ಇಲ್ಲ ಅಂತ ನೀನೇ ಬೀದೀಲ್ ನಿಂತ್ಕಂಡು ಕೂಗಿದ್ಯಲ್ಲ, ಈಗ ಅದೇ ಬೇಕಾಗಿರೋದು."

ನಾನು ತಮಿಳಿನ ಫಾರಂ ಸಾಲು ಸಾಲಾಗಿ ಓದಿ ಹೇಳಿದೆ. ಈ ಸಲ ಎರಡೂ ಮನೆಯ ಮೂರು ತಲೆಮಾರಿನ ಮದುವೆಗಳನ್ನೆಲ್ಲ ಕೇಳಿ ಬರೆದುಕೊಂಡೆ. ಪಕ್ಕದ ಮನೆಯವರು ಸಹಿ ಹಾಕಿ ಒಂದೇ ಷರತ್ತು ಹಾಕಿದರು: ನುಗ್ಗೆ ಕೊಂಬೆ ಕಡಿಯಕೂಡದು. ಅಣ್ಣ ಒಪ್ಪಿದರು. ಆಮೇಲೆ ನನಗೆ ದಿನಕ್ಕೆ ಎರಡು ಫೋನು. "ಮೇಡಂ, ಎನ್ನೋಡ ಬಸ್ಸು ಅವನ್ದಕ್ಕಿಂತ ಸ್ಪೀಡಾ ಹೋಗುತ್ತಾ?" ಎಂದು ಇವರು. ಕೋಶಗಳು ಬೆಳೆದೇ ಇಲ್ಲ ಸಾರ್, ತಡೀರಿ ಎಂದರೂ ಕೇಳುತ್ತಿರಲಿಲ್ಲ.

ಆ ಏಳು ತಿಂಗಳಲ್ಲಿ ಅಣ್ಣನ ಕಾಲು ಹೋಯಿತು, ಆಮೇಲೆ ಮಾತೂ ಹೋಯಿತು. ಗಾಲಿಕುರ್ಚಿ ತಳ್ಳಲು ಪಕ್ಕದ ಮನೆಯವರು ದಿನಾ ಸಂಜೆ ಬಂದರು. ಕನ್ನಡ ಮಾತು ಬರುತ್ತಿದ್ದರೂ ಓದಲು ಬಾರದ ಆ ಮನುಷ್ಯ ಅರವತ್ತೆರಡನೇ ವಯಸ್ಸಿನಲ್ಲಿ ಕನ್ನಡ ಅಕ್ಷರಮಾಲೆಯ ಚಾರ್ಟು ಕೊಂಡು ತಂದರು. ಅಕ್ಷರದ ಮೇಲೆ ಬೆರಳಿಡುತ್ತ ಹೋಗುವುದು, ಬೇಕಾದ ಅಕ್ಷರ ಬಂದಾಗ ಅಣ್ಣ ಕಣ್ಣು ಮಿಟುಕಿಸುವುದು. ನಾಲ್ಕೂವರೆಯ ಫೋನು ನಿಲ್ಲಲಿಲ್ಲ, ಅಕ್ಕ ಮಾಡುತ್ತಿದ್ದರು. "ಊಟ ಹಾಕಿದ್ದಾಯ್ತಾ ಅಂತ ಕಣ್ಣಲ್ಲೇ ಕೇಳ್ತಾವ್ರೆ ಕಣಮ್ಮಣ್ಣಿ, ಹೇಳು."

ಏಳು ತಿಂಗಳು ಎಂಟಾಯಿತು. ಬೇರೆ ರೋಗಿಗಳ ಕೋಶಗಳನ್ನೂ ನೋಡಿ, ಮತ್ತೆ ಮತ್ತೆ ಎಣಿಸಿ, ಕಂಡದ್ದು ನಿಜವೇ ಎಂದು ಖಾತ್ರಿಯಾದ ಮೇಲೆ ಒಂದು ಶನಿವಾರ ಮಧ್ಯಾಹ್ನ ಮತ್ತಿಗಿರಿಗೆ ಹೋದೆ. ಅಣ್ಣ ಇದ್ದರು. ನನಗೆ ಅದೇ ದೊಡ್ಡದು. ಅವರೆದುರಿಗೆ ಕುಳಿತು ಹಳದಿ ಚೀಟಿಯ ಎರಡನೇ ಸಾಲು ತುಂಬಿದೆ. ಕಾರಣ: ಬಸ್ಸುಗಳು ನಡುದಾರಿಯಲ್ಲಿ ನಿಲ್ಲುತ್ತಿವೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಎಲ್ಲರೂ ಸಂತೋಷಪಡುತ್ತಿದ್ದರು. ಉಸಿರು ಬಿಟ್ಟೆ, ಬಿಟ್ಟು ಮುಗಿದಲ್ಲಿ ಕೈ ನಿಂತಿತು, ಇನ್ನೊಂದು ಸಾಲು ಬರೆದೆ. ಯಾಕೆ ನಿಲ್ಲುತ್ತಿವೆ: ಗೊತ್ತಿಲ್ಲ.

ಚೀಟಿಯನ್ನು ಅವರ ಕಣ್ಣಿಗೆ ಹತ್ತಿರ ಹಿಡಿದೆ. ಕಿರುಗಣ್ಣು ಅದರ ಮೇಲೆ ನಿಧಾನವಾಗಿ ಓಡಿತು. ಆಮೇಲೆ ಚಾರ್ಟಿನ ಕಡೆ ನೋಡಿದರು. ಪಕ್ಕದ ಮನೆಯವರು ಬೆರಳಿಡುತ್ತ ಹೋದರು, ಅಕ್ಕ ಬರೆದುಕೊಂಡರು. "ಮು" ಬಂತು. "ಮುದ್ದೆ ಬೇಕಾ?" ಎಂದರು ಅಕ್ಕ. ಕಣ್ಣು ಸಿಡಿಮಿಡಿಗೊಂಡಿತು. ಇಪ್ಪತ್ತು ನಿಮಿಷ ಹಿಡಿಯಿತು. ಬಂದದ್ದು ಮೂರು ಮಾತು: ಮುಂದಿನ ಶಿಫ್ಟಿಗೆ ಕೊಡು. ಮೂರನೇ ಸಾಲಿನಲ್ಲಿ ಅದನ್ನೇ ಬರೆದೆ. ಅವರು ಒಮ್ಮೆ ಗಟ್ಟಿಯಾಗಿ ಕಣ್ಣು ಮುಚ್ಚಿ ತೆರೆದರು, ಅಂದರೆ ಪಾಸು.

ಅದಾದ ಎರಡು ತಿಂಗಳಿಗೆ ಒಂದು ಮಧ್ಯಾಹ್ನ ನಿದ್ದೆಯಲ್ಲೇ ಹೋದರು. ಹನ್ನೊಂದನೇ ದಿನದ ತಿಥಿಗೆ ಹೋಗಿದ್ದೆ. ಫೋಟೋದ ಮುಂದೆ ಎಡೆ ಇಟ್ಟಿದ್ದರು. ಮುದ್ದೆ, ಬಸ್ಸಾರು, ವಡೆ, ಒಂದು ಲೋಟದಲ್ಲಿ ರೋಸ್ ಮಿಲ್ಕು. ಸಕ್ಕರೆ ಕಾಯಿಲೆಯ ಭಯ ಇನ್ನಿಲ್ಲವಲ್ಲ. ತಾರಸಿಯ ಮೇಲಿಟ್ಟ ಎಡೆಯನ್ನು ಕಾಗೆ ಮುಟ್ಟುವುದಕ್ಕೆ ತಡವಾಗಿ, ಊಟದ ಎಲೆ ಹಾಕುವಾಗ ಮೂರು ಗಂಟೆ ದಾಟಿತ್ತು. ನಾನು ಎಲೆಯ ಮುಂದೆ ಕುಳಿತು, ಯಾರಿಗೂ ಕಾಣದ ಹಾಗೆ ಗಡಿಯಾರ ನೋಡಿಕೊಂಡೆ. ಅಕ್ಕನ ಕಣ್ಣಿಗೆ ಬಿತ್ತು. ಬಡಿಸುತ್ತಿದ್ದವರು ಸೌಟು ಹಿಡಿದುಕೊಂಡೇ ನನ್ನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತರು.

"ಏಳಮ್ಮಣ್ಣಿ. ಇಲ್ಲಿ ಎಡೆ ಇಕ್ಕಿದ್ದಾಯ್ತು, ಕಾಗೇನೂ ಮುಟ್ತು" ಎಂದರು. "ಅಲ್ಲಿ ಅವ್ರು ಇನ್ನಾ ಬದ್ಕವ್ರೆ, ಹಸ್ಕಂಡಿರ್ತಾರೆ. ಹೋಗಿ ಇಕ್ಬುಟ್ಟು ಬಾ. ನಿನ್ ಎಲೆ ನಾನ್ ಎತ್ತಿಟ್ಟಿರ್ತೀನಿ."

ಸ್ಕೂಟರಿನಲ್ಲಿ ಗಡಿ ದಾಟಿ ಲ್ಯಾಬು ಸೇರಿದಾಗ ನಾಲ್ಕು ಗಂಟೆಗೆ ಐದು ನಿಮಿಷವಿತ್ತು. ಕೈ ತೊಳೆದುಕೊಂಡು ಮೊದಲು ಅವರಿಗೆ, ಆಮೇಲೆ ಪಕ್ಕದ ಮನೆಯವರಿಗೆ ಊಟ ಹಾಕಿದೆ. ನಾಲ್ಕೂವರೆಗೆ ಅಕ್ಕನ ಫೋನು ಬಂತು.